ಅವರು ನಕ್ಕರೆ ನನಗೆ ಭಯ

ಪ್ರಶ್ನೆ: ನಮ್ಮದು ಹೊಸನಗರ ತಾಲ್ಲೂಕಿನ ಒಂದು ಹಳ್ಳಿ. ಮೂರು ಎಕರೆ ಅಡಿಕೆ ತೋಟ ಇದೆ. ನಮ್ಮನೆಯವರಿಗೆ 41 ವರ್ಷ. ಮೂರು ವರ್ಷದ ಹಿಂದೆ ಸುಗ್ಗಿ ಹೊತ್ತಲ್ಲಿ ಅವರಿಗೆ ಬೈಪೋಲಾರ್ ಕಾಯಿಲೆ (ಮನಸ್ಸು ಒಮ್ಮೆ ಅತಿಯಾಗಿ ಏರಿ, ಇನ್ನೊಮ್ಮೆ ಅತಿಯಾಗಿ ಕುಗ್ಗುವ ಕಾಯಿಲೆ) ಅಂತ ಗೊತ್ತಾಯಿತು. ಆಗ ರಾತ್ರಿ ಎರಡು ಗಂಟೆಗೆ ಎದ್ದು ಟಾರ್ಚ್ ಹಿಡಿದು ತೋಟಕ್ಕೆ ಹೋಗುತ್ತಿದ್ದರು. ಮಂಡಿಯಲ್ಲಿ ಮುಂಗಡ ತೆಗೆದು ಹಳೇ ಜೀಪು ತಂದರು. ಬೇಡ ಅಂದ ಅವರಣ್ಣನ ಮೇಲೆ ಕೈ ಎತ್ತಿದರು. ಶಿವಮೊಗ್ಗದಲ್ಲಿ ಆಸ್ಪತ್ರೆಗೆ ಸೇರಿಸಬೇಕಾಯಿತು. ಅಲ್ಲಿಂದ ಈಚೆಗೆ ಮನಸ್ಸಿನ ಏರಿಳಿತ ಹಿಡಿದಿಡುವ ಲಿಥಿಯಂ ಮಾತ್ರೆ ಮತ್ತು ರಾತ್ರಿ ಇನ್ನೊಂದು ಮಾತ್ರೆ ತಪ್ಪದೆ ತೆಗೆದುಕೊಳ್ಳುತ್ತಿದ್ದಾರೆ. ಎರಡೂವರೆ ವರ್ಷ ತುಂಬಾ ಚೆನ್ನಾಗಿದ್ದರು. ಜಗಳ ಇಲ್ಲ, ಖರ್ಚು ಇಲ್ಲ, ಹೇಳಿದಷ್ಟು ಕೆಲಸ, ಹತ್ತು ಹನ್ನೊಂದು ಗಂಟೆ ನಿದ್ದೆ. ಯಕ್ಷಗಾನಕ್ಕೂ ಹೋಗುತ್ತಿರಲಿಲ್ಲ.

ನಾಲ್ಕು ತಿಂಗಳ ಹಿಂದೆ ಡಾಕ್ಟರು ಥೈರಾಯ್ಡ್ ಕಮ್ಮಿ ಇದೆ ಅಂತ ಮಾತ್ರೆ ಬರೆದರು, ರಾತ್ರಿಯ ಮಾತ್ರೆ ಅರ್ಧ ಮಾಡಿದರು. ಈಗ ಮಾತು ಜಾಸ್ತಿಯಾಗಿದೆ. ರಾತ್ರಿ ಹತ್ತಕ್ಕೆ ಮಲಗಿ ಐದೂವರೆಗೆ ಏಳುತ್ತಾರೆ. ಅಡುಗೆಮನೆಗೆ ಬಂದು ಯಕ್ಷಗಾನದ ಪದ ಹಾಡುತ್ತಾರೆ. ಮನೆಯ ಹಿಂದಿನ ಹಳೇ ಕೋಣೆಗಳನ್ನು ರಿಪೇರಿ ಮಾಡಿ ಹೋಂಸ್ಟೇ ಮಾಡೋಣ, ಸೊಸೈಟಿಯಲ್ಲಿ ಎಂಟು ಲಕ್ಷ ಸಾಲ ಕೇಳೋಣ ಅಂತಾರೆ. 'ಬಂದವರಿಗೆ ಅಡುಗೆ ಮಾಡೋದು ನಿನಗೆ ಭಾರ ಆಗುತ್ತೇನೋ, ಅದೇ ಯೋಚನೆ' ಅಂದರು. ಹೋದ ವಾರ ಎರಡು ರಾತ್ರಿ ಹನ್ನೆರಡೂವರೆವರೆಗೆ ಮೊಬೈಲಿನಲ್ಲಿ ಹೋಂಸ್ಟೇ ಫೋಟೋ ನೋಡುತ್ತಾ ಕೂತಿದ್ದರು. ನನಗೆ ಕೈಕಾಲು ತಣ್ಣಗಾಯಿತು. ಕದ್ದು ಮಾತ್ರೆ ಎಣಿಸಿದೆ. ಲೆಕ್ಕ ಸರಿ ಇತ್ತು, ಆದರೆ ಅವರು ನೋಡಿಬಿಟ್ಟರು. 'ನಾನು ನಕ್ಕರೂ ನಿನಗೆ ಭಯ ಅಲ್ವಾ' ಅಂದರು. ಅತ್ತೆ ಬೇರೆ 'ಇಷ್ಟು ಚೆನ್ನಾಗಿದಾನೆ, ಇನ್ನೂ ಯಾಕೆ ಮಾತ್ರೆ' ಅಂತ ದಿನಾ ಹೇಳುತ್ತಾರೆ. ಲಿಥಿಯಂ ರಕ್ತ ಪರೀಕ್ಷೆ ಮಾಡಿಸಿದ್ದು ಹೋದ ವರ್ಷ ಮಳೆಗಾಲದಲ್ಲಿ. ಕಾಯಿಲೆ ಹಿಡಿತದಲ್ಲಿದೆಯೋ, ತಪ್ಪುತ್ತಿದೆಯೋ ಹೇಗೆ ತಿಳಿಯೋದು?
– ಹೆಸರು ಬೇಡ

ಉತ್ತರ: ನಿಮ್ಮ ಪತ್ರದಲ್ಲಿ ನಾನು ಎರಡು ಸಲ ಓದಿದ್ದು ಹೋಂಸ್ಟೇ ವಿಷಯವನ್ನಲ್ಲ. 'ಎರಡೂವರೆ ವರ್ಷ ತುಂಬಾ ಚೆನ್ನಾಗಿದ್ದರು' ಅನ್ನುವ ಸಾಲನ್ನು. ಅದರ ಬೆನ್ನಿಗೇ ನೀವು ಹೇಳಿದ್ದೇನು? ದಿನಕ್ಕೆ ಹನ್ನೊಂದು ಗಂಟೆ ನಿದ್ದೆ, ಹೇಳಿದಷ್ಟೇ ಕೆಲಸ, ಇಷ್ಟದ ಯಕ್ಷಗಾನದ ಆಟಕ್ಕೂ ಹೋಗಲಿಲ್ಲ. ತಂಗೀ, ಅವರು ಆಗ ಚೆನ್ನಾಗಿರಲಿಲ್ಲ. ಮನೆಯಲ್ಲಿ ಗಲಾಟೆ ಇರಲಿಲ್ಲ, ಅಷ್ಟೇ.

ಹಾಗೆ ಅನ್ನಿಸಿದ್ದು ನಿಮ್ಮ ತಪ್ಪಲ್ಲ. ಜೀಪು, ಸಾಲ, ಅಣ್ಣತಮ್ಮಂದಿರ ಜಗಳ ಎಲ್ಲ ಕಂಡವರಿಗೆ ಸುಮ್ನೆ ಕೂತ ಗಂಡನೇ ದೊಡ್ಡ ನೆಮ್ಮದಿ. ಆದರೆ ಈ ಕಾಯಿಲೆ ಇರುವವರಲ್ಲಿ ಹೆಚ್ಚಿನವರು ಉನ್ಮಾದಕ್ಕಿಂತ, ಅಂದರೆ ಮನಸ್ಸು ಮಿತಿಮೀರಿ ಏರುವ ಸ್ಥಿತಿಗಿಂತ, ಜಾಸ್ತಿ ಕಾಲ ಕಳೆಯುವುದು ಖಿನ್ನತೆಯಲ್ಲಿ. ಉನ್ಮಾದ ಊರಿಗೆಲ್ಲ ಕಾಣುತ್ತದೆ. ಖಿನ್ನತೆ ಒಳಕೋಣೆಯಲ್ಲಿ ಮಲಗಿರುತ್ತದೆ, ಯಾರಿಗೂ ತೊಂದರೆ ಕೊಡುವುದಿಲ್ಲ. ಹಾಗಾಗಿ ಡಾಕ್ಟರು 'ಹೇಗಿದ್ದಾರೆ?' ಅಂತ ಕೇಳಿದರೆ 'ಆರಾಮಿದಾರೆ ಸರ್' ಅಂದು ಚೀಟಿ ಬರೆಸಿಕೊಂಡು ಮೂರು ಗಂಟೆಯ ಬಸ್ಸು ಹಿಡಿಯುತ್ತೇವೆ.

ನಿಮ್ಮವರ ವಿಷಯದಲ್ಲಿ ಇನ್ನೂ ಎರಡು ಕಾರಣ ಸೇರಿರಬಹುದು. ಲಿಥಿಯಂ ತೆಗೆದುಕೊಳ್ಳುವ ಎಷ್ಟೋ ಜನರಿಗೆ ಥೈರಾಯ್ಡ್ ಗ್ರಂಥಿಯ ಕೆಲಸ ಕುಂದುತ್ತದೆ. ಆಗ ಸುಸ್ತು, ಮಂಕು, ತೂಕ ಏರುವುದು, ಸದಾ ನಿದ್ದೆ, ಚಳಿ ತಡೆಯದಿರುವುದು. ನೋಡಿದರೆ ಥೇಟ್ ಖಿನ್ನತೆ. ಇನ್ನು ರಾತ್ರಿಯ ಮಾತ್ರೆಗಳಲ್ಲಿ ಕೆಲವು ಮರುದಿನ ಮಧ್ಯಾಹ್ನದವರೆಗೂ ತೂಕಡಿಸುವಂತೆ ಮಾಡುತ್ತವೆ. ಡಾಕ್ಟರು ಒಂದನ್ನು ಸರಿಪಡಿಸಿದರು, ಇನ್ನೊಂದನ್ನು ಇಳಿಸಿದರು. ಅದಾದ ಮೇಲೆ ಮನುಷ್ಯ ಮಾತಾಡುತ್ತಾನೆ, ಹಾಡುತ್ತಾನೆ ಅಂದರೆ ಅದು ಗುಣವಾಗುತ್ತಿರುವ ಲಕ್ಷಣ ಆಗಿರುವ ಸಾಧ್ಯತೆಯೇ ಜಾಸ್ತಿ. ಪತ್ರ ಓದಿ ಕಾಯಿಲೆ ಇದೆ, ಇಲ್ಲ ಅಂತ ಯಾರೂ ತೀರ್ಪು ಕೊಡಲಾಗದು. ಅದಕ್ಕೆ ಏನು ಮಾಡಬೇಕು ಅನ್ನುವುದನ್ನು ಮುಂದೆ ಹೇಳುತ್ತೇನೆ.

ಮೊದಲು ನೀವು ಹಿಡಿದಿರುವ ಅಳತೆಗೋಲು ಬದಲಾಗಬೇಕು. ಈಗಿನ ಗಂಡನನ್ನು ನೀವು ಮಂಕಾಗಿದ್ದ ಗಂಡನ ಪಕ್ಕ ನಿಲ್ಲಿಸಿ ನೋಡುತ್ತಿದ್ದೀರಿ. ಅವರ ಪಕ್ಕದಲ್ಲಿ ಯಾರು ನಕ್ಕರೂ ಹುಚ್ಚರಂತೆಯೇ ಕಾಣುತ್ತಾರೆ. ಕಾಯಿಲೆ ಬರುವ ಮುಂಚೆ, ಮದುವೆಯಾದ ಹೊಸದರಲ್ಲಿ ಅವರು ಹೇಗಿದ್ದರು? ಅಡುಗೆಮನೆಗೆ ಬಂದು ಹಾಡುತ್ತಿದ್ದರೇ? ನಾಲ್ಕು ಜನ ಸೇರಿದರೆ ಮಾತಿಗೆ ಮುಂದಾಗುತ್ತಿದ್ದರೇ? ನಿಮಗೆ ನೆನಪಿಲ್ಲದಿದ್ದರೆ ಅವರ ಅಕ್ಕತಂಗಿಯರನ್ನು, ಜೊತೆಗೆ ಓದಿದ ಗೆಳೆಯರನ್ನು ಕೇಳಿ. 'ಅವನು ಮೊದಲಿಂದಲೂ ಹಾಗೇ ಅಲ್ವಾ' ಅಂತ ಅವರು ನಕ್ಕರೆ, ನಿಮ್ಮ ಮನೆಗೆ ವಾಪಸ್ ಬರುತ್ತಿರುವುದು ಹಳೇ ಮನುಷ್ಯ, ಹಳೇ ಕಾಯಿಲೆಯಲ್ಲ. 'ಇಲ್ಲಪ್ಪ, ಅವನು ಹೀಗೆ ಮಾತಾಡಿದ್ದೇ ಇಲ್ಲ' ಅಂದರೆ ಸ್ವಲ್ಪ ಕಿವಿ ನಿಮಿರಿಸಿ.

ಇನ್ನು ನಿದ್ದೆ. ಈ ಕಾಯಿಲೆಯಲ್ಲಿ ಮನೆಯವರು ಒಂದೇ ಒಂದನ್ನು ಗಮನಿಸಬಹುದು ಅಂದರೆ ನಾನು ನಿದ್ದೆಯನ್ನೇ ಆರಿಸುತ್ತೇನೆ. ಉನ್ಮಾದ ಶುರುವಾಗುವಾಗ ಬಹಳ ಜನರಲ್ಲಿ ಎಲ್ಲಕ್ಕಿಂತ ಮೊದಲು ಕದಲುವುದು ಅದೇ. ಆದರೆ ಬರೀ ಕಮ್ಮಿ ಮಲಗುವುದು ಲಕ್ಷಣ ಅಲ್ಲ. ಕಮ್ಮಿ ಮಲಗಿಯೂ ಸುಸ್ತಾಗದಿರುವುದು ಲಕ್ಷಣ. ನೀವು ಹೇಳಿದ ಆ ಎರಡು ರಾತ್ರಿಗಳ ಮರುದಿನ ಏನಾಯಿತು? ಊಟವಾದ ಮೇಲೆ ಜಗಲಿಯಲ್ಲಿ ಅಡ್ಡಾದರೇ, ಆಕಳಿಸಿದರೇ, ರಾತ್ರಿ ಬೇಗ ಮಲಗಿದರೇ? ಹಾಗಿದ್ದರೆ ಅದು ಮೊಬೈಲ್ ಹಿಡಿದ ಯಾರ ಮನೆಯಲ್ಲೂ ನಡೆಯುವ ಕಥೆ. ನಾಲ್ಕು ಗಂಟೆ ಮಲಗಿ, ಬೆಳಿಗ್ಗೆ ಎಲ್ಲರಿಗಿಂತ ಮುಂಚೆ ಎದ್ದು, ಹತ್ತು ಜನರ ಕೆಲಸ ಒಬ್ಬರೇ ಮಾಡುವ ಹುರುಪಿನಲ್ಲಿದ್ದು, ಮೂರನೇ ರಾತ್ರಿಯೂ ಹಾಗೇ ಆದರೆ ಅವತ್ತೇ ಡಾಕ್ಟರಿಗೆ ಫೋನ್ ಮಾಡಿ. ಮುಂದಿನ ತಾರೀಕಿನವರೆಗೆ ಕಾಯಬೇಡಿ.

ಡಾಕ್ಟರುಗಳು ಕಾಲದ ಲೆಕ್ಕವನ್ನೂ ನೋಡುತ್ತಾರೆ. ಮನಸ್ಸಿನ ಏರು, ಅದರ ಜೊತೆ ನಿದ್ದೆ, ಮಾತು, ಖರ್ಚು, ಸಿಟ್ಟು ಎಲ್ಲವೂ ಬದಲಾಗಿ, ಸತತ ನಾಲ್ಕು ದಿನ ಇದ್ದರೆ ಅದನ್ನು ಹೈಪೋಮೇನಿಯಾ ಅನ್ನುತ್ತಾರೆ, ಅಂದರೆ ಸಣ್ಣ ಉನ್ಮಾದ. ಒಂದು ವಾರ ಇದ್ದು ಬದುಕೇ ಅಸ್ತವ್ಯಸ್ತವಾದರೆ ಪೂರ್ಣ ಉನ್ಮಾದ. ಆಸ್ಪತ್ರೆಗೆ ಸೇರಿಸಬೇಕಾದಷ್ಟು ಜೋರಾದರೆ ಆ ವಾರದ ಲೆಕ್ಕವೂ ಬೇಡ. ಎರಡು ವಾರ ಮಂಕು ಕವಿದು ಯಾವುದರಲ್ಲೂ ರುಚಿ ಇಲ್ಲದಿದ್ದರೆ ಖಿನ್ನತೆ. ಮಂಗಳವಾರ ಖುಷಿ, ಬುಧವಾರ ಅಡಿಕೆ ರೇಟು ಬಿದ್ದಿದ್ದಕ್ಕೆ ಸಿಡಿಮಿಡಿ, ಇದು ಯಾವ ಕಾಯಿಲೆಯೂ ಅಲ್ಲ. ತೋಟಕ್ಕೆ ಎಲೆಚುಕ್ಕಿ ಬಿದ್ದಾಗ ಬೇಸರ ಆಗದಿದ್ದರೆ ಅದೇ ಆಶ್ಚರ್ಯ. ಒಂದು ಮಾತು ನೆನಪಿರಲಿ, ಉನ್ಮಾದ ಯಾವಾಗಲೂ ಖುಷಿಯ ವೇಷದಲ್ಲೇ ಬರುವುದಿಲ್ಲ. ಎಷ್ಟೋ ಜನರಲ್ಲಿ ಅದು ಬರೀ ಸಿಟ್ಟು. ಹೋದ ಸಲ ನಿಮ್ಮವರು ಅಣ್ಣನ ಮೇಲೆ ಕೈ ಎತ್ತಿದ್ದನ್ನು ನೀವೇ ಬರೆದಿದ್ದೀರಿ.

ಹೋಂಸ್ಟೇಗೆ ಬರೋಣ. ಮಲೆನಾಡಿನಲ್ಲಿ ಇವತ್ತು ಹೋಂಸ್ಟೇ ಕನಸು ಕಾಣದ ಮನೆ ಯಾವುದಿದೆ ಹೇಳಿ. ಕನಸು ಕಂಡಿದ್ದೇ ಕಾಯಿಲೆಯಾದರೆ ಅರ್ಧ ತಾಲ್ಲೂಕಿಗೆ ಮಾತ್ರೆ ಕೊಡಬೇಕಾಗುತ್ತದೆ! ಯೋಜನೆ ದೊಡ್ಡದೋ ಚಿಕ್ಕದೋ ಅಂತ ನೋಡಬೇಡಿ, ಅದು ಹೇಗೆ ನಡೆದುಕೊಳ್ಳುತ್ತದೆ ನೋಡಿ. ಉನ್ಮಾದದ ಯೋಜನೆಗೆ ಕಾಯಲು ಬರುವುದಿಲ್ಲ. ಇವತ್ತೇ ಆಗಬೇಕು. ಇವತ್ತು ಎರಡು ಕೋಣೆ, ನಾಳೆ ಎಂಟು, ನಾಡಿದ್ದು ರೆಸಾರ್ಟ್. ಲೆಕ್ಕ ಕೇಳಿದವರು ಶತ್ರುಗಳು. ನಿಮ್ಮವರು ಎಂಟು ಲಕ್ಷ ಅಂದರು, ಇನ್ನೂ ಅಷ್ಟೇ ಅನ್ನುತ್ತಿದ್ದಾರೆ. ಸೊಸೈಟಿಗೆ ಓಡಿಲ್ಲ, 'ಕೇಳೋಣ' ಅಂದಿದ್ದಾರೆ. ಎಲ್ಲಕ್ಕಿಂತ ಮುಖ್ಯ, ಅಡುಗೆ ನಿಮಗೆ ಭಾರವಾಗುತ್ತೇನೋ ಅಂತ ಯೋಚಿಸಿದ್ದಾರೆ. ಉನ್ಮಾದದ ಹೊತ್ತಿನಲ್ಲಿ ಈ ಯೋಚನೆ ಬರುವುದು ಬಹಳ ಅಪರೂಪ. ಜೀಪು ತಂದಾಗ ನಿಮ್ಮನ್ನು ಕೇಳಿದ್ದರಾ?

ಹಾಗಂತ ನಿಮ್ಮ ಕಾವಲು ಪೂರ್ತಿ ದಂಡ ಅಲ್ಲ. ಮಾತ್ರೆ ಇಳಿಸಿದ ಮೇಲಿನ ಕೆಲವು ತಿಂಗಳು ಕಣ್ಣಿಡಬೇಕಾದ ಕಾಲವೇ. ಥೈರಾಯ್ಡ್ ಮಾತ್ರೆ ಅಗತ್ಯಕ್ಕಿಂತ ಜಾಸ್ತಿಯಾದರೂ ನಿದ್ದೆ ಕಮ್ಮಿಯಾಗಿ, ಎದೆ ಬಡಿದುಕೊಂಡು, ಚಡಪಡಿಕೆ ಬರುತ್ತದೆ. ಅದನ್ನೂ ಒಮ್ಮೆ ಪರೀಕ್ಷಿಸಲು ಇದು ಸರಿಯಾದ ಹೊತ್ತು. ಜೊತೆಗೆ ಲಿಥಿಯಂ ಮಟ್ಟ. ಒಂದು ವರ್ಷಕ್ಕಿಂತ ಹಳೇ ರಿಪೋರ್ಟ್ ಇಟ್ಟುಕೊಂಡು ಹಿಡಿತದಲ್ಲಿದೆ ಅಂತ ಹೇಳುವಂತಿಲ್ಲ. ಸಾಮಾನ್ಯವಾಗಿ ಮೂರರಿಂದ ಆರು ತಿಂಗಳಿಗೊಮ್ಮೆ ಈ ಪರೀಕ್ಷೆ ಆಗಬೇಕು. ಕೊನೆಯ ಮಾತ್ರೆ ನುಂಗಿ 12 ಗಂಟೆ ಆದ ಮೇಲೆ ರಕ್ತ ಕೊಡಬೇಕು. ರಾತ್ರಿ ಒಂಬತ್ತಕ್ಕೆ ತೆಗೆದುಕೊಂಡರೆ ಬೆಳಿಗ್ಗೆ ಒಂಬತ್ತಕ್ಕೆ, ಬೆಳಗಿನ ಮಾತ್ರೆ ಇದ್ದರೆ ರಕ್ತ ಕೊಟ್ಟ ಮೇಲೆ. ಬಹಳಷ್ಟು ಜನರಿಗೆ ರಕ್ತದಲ್ಲಿ ಲೀಟರಿಗೆ 0.6ರಿಂದ 0.8 ಮಿಲಿಮೋಲ್ ಆಸುಪಾಸು ಸಾಕು, ಕೆಲವರಿಗೆ 1.0ರವರೆಗೂ ಬೇಕಾಗಬಹುದು. ನಿಮ್ಮವರಿಗೆ ಎಷ್ಟು ಅನ್ನುವುದನ್ನು ಡಾಕ್ಟರ್ ಹೇಳುತ್ತಾರೆ. ಕಿಡ್ನಿ ಮತ್ತು ಕ್ಯಾಲ್ಸಿಯಂ ಪರೀಕ್ಷೆಯನ್ನೂ ಅದರ ಜೊತೆಗೇ ಮುಗಿಸಿ.

ಲಿಥಿಯಂ ಬಗ್ಗೆ ನಮ್ಮ ಕಡೆಯವರು ತಿಳಿದಿರಲೇಬೇಕಾದ ಒಂದು ವಿಷಯ ಇದೆ. ಸೊಂಟನೋವು, ಭುಜನೋವು ಅಂತ ಮೆಡಿಕಲ್ ಶಾಪಿನಲ್ಲಿ ಕೇಳಿ ತರುವ ನೋವಿನ ಮಾತ್ರೆ ಅದರ ಜೊತೆ ಆಗಿಬರುವುದಿಲ್ಲ. ಐಬುಪ್ರೊಫೆನ್, ಡೈಕ್ಲೋಫೆನಾಕ್ ಥರದವು ರಕ್ತದಲ್ಲಿ ಲಿಥಿಯಂ ಏರಿಸುತ್ತವೆ, ಅತಿಯಾಗಿ ಏರಿದರೆ ಅದೇ ವಿಷ. ಕೆಲವು ಬಿಪಿ ಮಾತ್ರೆಗಳೂ ಹಾಗೇ. ವಾಂತಿ ಭೇದಿಯಾದಾಗ, ಬೆವರು ಸುರಿದು ನೀರು ಕುಡಿಯದಿದ್ದಾಗ, ಯಾರದೋ ಮಾತು ಕೇಳಿ ಒಮ್ಮೆಲೇ ಉಪ್ಪು ಬಿಟ್ಟಾಗಲೂ ಅದು ಏರುತ್ತದೆ. ಬೆರಳು ಸ್ವಲ್ಪ ನಡುಗುವುದು ಬಹಳ ಜನರಿಗೆ ಇರುವಂಥದ್ದೇ. ಆದರೆ ಕೈ ಜೋರಾಗಿ ನಡುಗಿ, ನಡೆಯುವಾಗ ತೂರಾಡಿ, ಮಾತು ತೊದಲಿ, ವಾಂತಿಯೂ ಇದ್ದರೆ ಮುಂದಿನ ಮಾತ್ರೆ ಕೊಡದೆ ನೇರ ಆಸ್ಪತ್ರೆಗೆ ಹೋಗಿ. ರಾತ್ರಿಯಾಗಲಿ, ಮಳೆಯಾಗಲಿ.

ಅಡಿಕೆ ಕೊನೆ (ಗೊನೆ) ಕೊಯ್ಲು ಶುರುವಾಗುವ ಹೊತ್ತು ಹತ್ತಿರ ಬರುತ್ತಿದೆ. ನಿಜ ಹೇಳಬೇಕೆಂದರೆ ಹೋಂಸ್ಟೇಗಿಂತ ನನಗೆ ಅದರ ಚಿಂತೆ ಜಾಸ್ತಿ. ಹೋದ ಸಲ ಕಾಯಿಲೆ ಕೆರಳಿದ್ದೂ ಸುಗ್ಗಿಯಲ್ಲೇ. ಮಧ್ಯರಾತ್ರಿವರೆಗೆ ಅಡಿಕೆ ಸುಲಿಯುವುದು, ನಸುಕಿನಲ್ಲಿ ಎದ್ದು ಒಲೆ ಹಚ್ಚುವುದು, ನಡುವೆ ಎಲ್ಲೋ ಮೇಳ ಬಂತು ಅಂತ ಬೆಳಗಿನವರೆಗೆ ಆಟ. ನಿದ್ದೆಗೆಟ್ಟರೆ ಉನ್ಮಾದ ಏಳುವುದುಂಟು, ಉನ್ಮಾದ ಎದ್ದರೆ ನಿದ್ದೆ ಇನ್ನಷ್ಟು ಕೆಡುತ್ತದೆ. ಆದ್ದರಿಂದ ಈ ಸಲ ಮನೆಯಲ್ಲಿ ಒಂದು ಕಟ್ಟುನಿಟ್ಟು ಇರಲಿ. ಸುಲಿಯುವವರು ಎಷ್ಟು ಹೊತ್ತಾದರೂ ಕೂರಲಿ, ನಿಮ್ಮವರು ಹತ್ತಕ್ಕೆ ಮಲಗಬೇಕು. ಬೇಯಿಸುವ ಕೆಲಸ ಬೆಳಿಗ್ಗೆ ಆರರ ಮೇಲೆ. ಒಬ್ಬ ಆಳಿನ ಕೂಲಿ ಜಾಸ್ತಿ ಬಿದ್ದರೆ ಬೀಳಲಿ. ಆಟಕ್ಕೆ ಬೇಡ ಅನ್ನಬೇಡಿ, ಹೋಗಲಿ, ಒಂದು ಪ್ರಸಂಗ ನೋಡಿ ಮನೆಗೆ ಬಂದು ಮಲಗಲಿ. ಸುಗ್ಗಿ ಮುಗಿದ ಖುಷಿಗೆ ಗುಂಡು ಹಾಕುವ ಜೊತೆಗಾರರಿದ್ದರೆ ಅದಕ್ಕೆ ಮಾತ್ರ ಖಡಾಖಂಡಿತ ಬೇಡ ಅನ್ನಿ. ಮಳೆಗಾಲದಲ್ಲಿ ಎಚ್ಚರ ಬೇರೆ ಥರದ್ದು. ಜಡಿಮಳೆ, ಬಿಸಿಲು ಕಾಣದ ದಿನಗಳು ಕೆಲವರನ್ನು ಖಿನ್ನತೆಗೆ ಎಳೆಯುತ್ತವೆ. ಪ್ರತಿ ವರ್ಷ ಜುಲೈ ಆಗಸ್ಟಿನಲ್ಲೇ ಮಂಕಾಗುತ್ತಾರಾ ಅಂತ ನೆನಪು ಮಾಡಿಕೊಳ್ಳಿ. ಹೌದಾದರೆ ಡಾಕ್ಟರಿಗೆ ಹೇಳಿ. ಮರ ಬಿದ್ದು ರಸ್ತೆ ಬಂದ್ ಆಗುವ ಊರು ನಿಮ್ಮದು, ಹದಿನೈದು ದಿನದ ಮಾತ್ರೆ ಹೆಚ್ಚಿಗೆ ತಂದಿಡಿ.

ಕದ್ದು ಎಣಿಸಿದ ಮಾತ್ರೆಗೆ ಬರುತ್ತೇನೆ. 'ನಾನು ನಕ್ಕರೂ ನಿನಗೆ ಭಯ ಅಲ್ವಾ' ಅಂದರಲ್ಲ, ಅದಕ್ಕೆ ನೀವು ಏನು ಉತ್ತರ ಕೊಟ್ಟಿರಿ ಅಂತ ಬರೆದಿಲ್ಲ. ಕೊಟ್ಟಿರದಿದ್ದರೆ ಈಗ ಕೊಡಿ. 'ಹೌದು, ಭಯ ಆಗುತ್ತೆ. ಹೋದ ಸಲದ್ದು ಇನ್ನೂ ಮರೆತಿಲ್ಲ. ನಿಮ್ಮ ಮೇಲೆ ಅನುಮಾನ ಇಲ್ಲ' ಅಂತ ನೇರ ಹೇಳಿ. ಅವರೂ ಒಳಗೊಳಗೇ ಹೆದರಿರುತ್ತಾರೆ. ಹೆದರದಿದ್ದರೆ ಮೂರು ವರ್ಷ ತಪ್ಪದೆ ಮಾತ್ರೆ ನುಂಗುತ್ತಿರಲಿಲ್ಲ. ಮನೆಯವರ ಸದಾ ಟೀಕೆ, ಸದಾ ಕಾವಲು ಈ ಕಾಯಿಲೆಯನ್ನು ಕೆರಳಿಸುತ್ತದೆ ಅನ್ನುವುದು ಬಹಳ ಹಿಂದೆಯೇ ಗೊತ್ತಾದ ವಿಷಯ.

ಆಮೇಲೆ ಇಬ್ಬರೂ ಕೂತು ಒಂದು ಹಾಳೆಯಲ್ಲಿ ಬರೆಯಿರಿ. ಹೋದ ಸಲ ಶುರುವಾಗುವ ಮುಂಚೆ ಏನೇನಾಗಿತ್ತು? ಅವರೇ ಹೇಳಲಿ. 'ರಾತ್ರಿ ತೋಟದ್ದೇ ಯೋಚನೆ ಬರ್ತಿತ್ತು', 'ಎಲ್ಲರೂ ನಿಧಾನ ಅನ್ನಿಸೋರು', 'ಊಟ ಬೇಕು ಅನ್ನಿಸ್ತಿರ್ಲಿಲ್ಲ', ಇಂಥವು ಹೊರಗಿನಿಂದ ನಿಮಗೆ ಕಂಡಿರುವುದೇ ಇಲ್ಲ. ಅದರಲ್ಲಿ ಮೂರೋ ನಾಲ್ಕೋ ಗುರುತು ಆರಿಸಿ. ಅವುಗಳಲ್ಲಿ ಎರಡು ಒಟ್ಟಿಗೆ ಕಂಡರೆ ನೀವು ಹೇಳಬಹುದು, ಅವರು ಸಿಟ್ಟಾಗದೆ ಡಾಕ್ಟರಿಗೆ ಫೋನ್ ಮಾಡಬೇಕು, ಇದು ಒಪ್ಪಂದ. ಬೇರೆ ಸಮಯದಲ್ಲಿ ನೀವು ಕಾವಲು ಕಾಯುವಂತಿಲ್ಲ. ಮಾತ್ರೆಗೆ ವಾರದ ಡಬ್ಬಿ ತಂದು ಊಟದ ಮೇಜಿನ ಮೇಲಿಡಿ, ಎಣಿಸುವ ಪ್ರಮೇಯವೇ ಬರುವುದಿಲ್ಲ. ಕ್ಯಾಲೆಂಡರಿನಲ್ಲಿ ದಿನಾ ಎಷ್ಟು ಗಂಟೆ ನಿದ್ದೆ, ಮನಸ್ಸು ಹೇಗಿತ್ತು ಅಂತ ಅವರೇ ಒಂದು ಗುರುತು ಹಾಕಲಿ. ಮುಂದಿನ ಸಲ ಡಾಕ್ಟರಿಗೆ 'ಆರಾಮಿದಾರೆ' ಅನ್ನುವ ಬದಲು ಅದನ್ನೇ ತೋರಿಸಿ. 2017ರ ಮಾನಸಿಕ ಆರೋಗ್ಯ ಕಾಯ್ದೆಯಲ್ಲಿ, ತನಗೆ ಕಾಯಿಲೆ ಜೋರಾದಾಗ ಎಂಥ ಚಿಕಿತ್ಸೆ ಬೇಕು, ತನ್ನ ಪರವಾಗಿ ಯಾರು ಮಾತಾಡಬೇಕು ಅಂತ ಮುಂಚೆಯೇ ಬರೆದಿಡುವ ಹಕ್ಕೂ ಇದೆ. ಬೇಕಾದರೆ ಡಾಕ್ಟರ ಹತ್ತಿರ ಕೇಳಿ.

ಹಿಡಿತದಲ್ಲಿದೆ ಅನ್ನುವುದಕ್ಕೆ ಬರೀ ಗಲಾಟೆ ಇಲ್ಲ ಅನ್ನುವುದು ಸಾಲದು ಅಂದೆನಲ್ಲ. ಹಾಗಾದರೆ ಏನು ನೋಡಬೇಕು? ಪೇಪರ್ ಕೈಗೆತ್ತಿಕೊಂಡರೆ ಓದಿ ಮುಗಿಸುತ್ತಾರಾ? ತೋಟದ ಲೆಕ್ಕ ತಾವೇ ಬರೆಯುತ್ತಾರಾ? ಮದುವೆ ಮುಂಜಿಗೆ ಹೋಗಿ ನಾಲ್ಕು ಜನರ ಜೊತೆ ಕೂರುತ್ತಾರಾ? ಗಂಡ ಹೆಂಡತಿಯ ನಡುವಿನ ಸಲಿಗೆ ಮರಳಿದೆಯಾ? ಇದನ್ನು ಕೇಳಲು ಸಂಕೋಚ, ಹೇಳಲು ಇನ್ನೂ ಸಂಕೋಚ, ಆದರೆ ಮಾತ್ರೆಯಿಂದ ಅದಕ್ಕೆ ತೊಂದರೆಯಾದರೆ ಎಷ್ಟೋ ಗಂಡಸರು ಯಾರಿಗೂ ಹೇಳದೆ ಮಾತ್ರೆ ಬಿಡುತ್ತಾರೆ. ಯಾರಾದರೂ ಬೇಡ ಅಂದರೆ ಕೇಳಿಸಿಕೊಳ್ಳುತ್ತಾರಾ? ಸಿಟ್ಟು ಬಂದರೂ ಸಂಜೆಯೊಳಗೆ ಇಳಿಯುತ್ತದಾ? ಎರಡು ತಿಂಗಳು ಲಕ್ಷಣಗಳಿಲ್ಲದೆ ಇದ್ದರೆ ಡಾಕ್ಟರ ಲೆಕ್ಕದಲ್ಲಿ ಕಾಯಿಲೆ ಇಳಿದಂತೆ. ಬದುಕು ಹಳಿಗೆ ಬರಲು ಅದಕ್ಕಿಂತ ಜಾಸ್ತಿ ಕಾಲ ಹಿಡಿಯುತ್ತದೆ. ನಿಮ್ಮವರು ಈಗ ಆ ದಾರಿಯಲ್ಲಿರುವಂತೆ ಕಾಣುತ್ತದೆ.

ಅತ್ತೆಗೆ ವಾದ ಮಾಡಿ ಅರ್ಥ ಮಾಡಿಸಲಾಗದು. ತೋಟದ ಮಾತಿನಲ್ಲೇ ಹೇಳಿ: 'ಅತ್ತೆ, ಹೋದ ವರ್ಷ ಕೊಳೆ ರೋಗ ಬರ್ಲಿಲ್ಲ ಅಂತ ಈ ವರ್ಷ ಬೋರ್ಡೋ ಔಷಧಿ ಹೊಡೆಯೋದು ಬಿಡ್ತೀವಾ? ಹೊಡೆದಿದ್ದಕ್ಕೇ ಬರ್ಲಿಲ್ಲ.' ಲಿಥಿಯಂ ಥಟ್ಟನೆ ನಿಲ್ಲಿಸಿದರೆ ಮುಂದಿನ ಕೆಲವೇ ತಿಂಗಳಲ್ಲಿ ಕಾಯಿಲೆ ಮರುಕಳಿಸುವ ಅಪಾಯ ಬಹಳ. ಎಂದಾದರೂ ಇಳಿಸುವುದಿದ್ದರೂ ಡಾಕ್ಟರೇ ತಿಂಗಳುಗಟ್ಟಲೆ ನಿಧಾನಕ್ಕೆ ಇಳಿಸಬೇಕು. ಚೌಡಿಗೆ ಹರಕೆ ಒಪ್ಪಿಸುತ್ತೇನೆ ಅಂದರೆ ಒಪ್ಪಿಸಲಿ ಬಿಡಿ, ಅದರಿಂದ ಯಾರಿಗೂ ನಷ್ಟವಿಲ್ಲ. ಮಾತ್ರೆ ಬಿಟ್ಟು ನಾಟಿ ಮದ್ದು ಅಂದರೆ ಮಾತ್ರ ಒಪ್ಪಬೇಡಿ.

ಒಂದು ವಿಷಯಕ್ಕೆ ಮಾತ್ರ ಯಾವ ಲೆಕ್ಕವನ್ನೂ ನೋಡುತ್ತಾ ಕೂರಬೇಡಿ. 'ನಾನಿದ್ದು ಏನು ಪ್ರಯೋಜನ', 'ಸಾಕಾಗಿದೆ' ಅನ್ನುವ ಮಾತು ಬಂದರೆ, ಮಂಕಾದವರು ಇದ್ದಕ್ಕಿದ್ದಂತೆ ಲೆಕ್ಕಪತ್ರ ಒಪ್ಪಿಸಲು ಶುರುಮಾಡಿದರೆ, 'ಸಾಯುವ ಯೋಚನೆ ಬರ್ತಿದೆಯಾ' ಅಂತ ನೇರ ಕೇಳಿ. ಕೇಳುವುದರಿಂದ ಆ ಯೋಚನೆ ಹುಟ್ಟುವುದಿಲ್ಲ. ಅವರನ್ನು ಒಬ್ಬರೇ ಬಿಡಬೇಡಿ, ತೋಟದ ಔಷಧಿ ಬೀಗದೊಳಗಿರಲಿ, ಅವತ್ತೇ ಆಸ್ಪತ್ರೆಗೆ ಕರೆದೊಯ್ಯಿರಿ. ಹೊತ್ತಲ್ಲದ ಹೊತ್ತಿನಲ್ಲಿ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್‌ನ 14416ಕ್ಕೆ ಫೋನ್ ಮಾಡಬಹುದು. ಹಗಲು ರಾತ್ರಿ ಸಿಗುತ್ತದೆ, ದುಡ್ಡಿಲ್ಲ, ಕನ್ನಡದಲ್ಲೇ ಮಾತಾಡುತ್ತಾರೆ. ನಿಮಗೇ ತಲೆ ಕೆಟ್ಟಾಗಲೂ ಮಾಡಬಹುದು, ಅದು ಕಾಯಿಲೆಯವರಿಗೆ ಮಾತ್ರ ಅಲ್ಲ. ಪ್ರತಿ ಸಲ ಶಿವಮೊಗ್ಗಕ್ಕೆ ಹೋಗುವುದು ಕಷ್ಟವಾದರೆ, ಸರ್ಕಾರದ ಮನೋಚೈತನ್ಯ ಕಾರ್ಯಕ್ರಮದಲ್ಲಿ ತಾಲ್ಲೂಕು ಆಸ್ಪತ್ರೆಗೆ ಮನೋವೈದ್ಯರು ಬರುವ ದಿನ ಇರುತ್ತದೆ, ಸಾಮಾನ್ಯವಾಗಿ ಮಂಗಳವಾರ. ನಿಮ್ಮ ಆಸ್ಪತ್ರೆಯಲ್ಲಿ ಯಾವಾಗ ಅಂತ ವಿಚಾರಿಸಿ.

ಈಗ ಸಾಲ. ಈ ವಾರ ಡಾಕ್ಟರಿಗೆ ಫೋನ್ ಮಾಡಿ, ರಕ್ತ ಪರೀಕ್ಷೆ ಮಾಡಿಸಿ. ಅವರನ್ನು ಬಿಟ್ಟು ನೀವೊಬ್ಬರೇ ಗುಟ್ಟಾಗಿ ಮಾಡಬೇಡಿ, ಪಕ್ಕದಲ್ಲಿ ಕೂರಿಸಿಕೊಂಡು ಮಾಡಿ. ಅವರಿಗೆ ಹೀಗೆ ಹೇಳಿ: 'ಹೋಂಸ್ಟೇ ಬೇಡ ಅಂತಿಲ್ಲ. ಸುಗ್ಗಿ ಮುಗೀಲಿ, ಅಡಿಕೆ ದುಡ್ಡು ಎಷ್ಟು ಬರುತ್ತೆ ನೋಡೋಣ. ಅಷ್ಟರೊಳಗೆ ಖರ್ಚಿನ ಲೆಕ್ಕ ನೀವು ಬರೀರಿ, ಅಡುಗೆ ಲೆಕ್ಕ ನಾನು ಬರೀತೀನಿ.' ಅದಕ್ಕೆ ಅವರು ಮುಖ ಸಣ್ಣ ಮಾಡಿಕೊಂಡರೂ ಕಾಯಲು ಒಪ್ಪಿದರೆ ನಿಮಗೆ ಬೇಕಿದ್ದ ಉತ್ತರದ ದೊಡ್ಡ ಪಾಲು ಅಲ್ಲೇ ಸಿಕ್ಕಿತು. ಕೋಣೆ ಸೋರುವುದನ್ನು ಹೇಗೂ ಮಳೆಗಾಲಕ್ಕೆ ಮುಂಚೆ ರಿಪೇರಿ ಮಾಡಿಸಬೇಕಲ್ಲ, ಅದನ್ನು ಈಗಲೇ ಶುರುಮಾಡಲಿ, ಅದಕ್ಕೆ ಎಂಟು ಲಕ್ಷ ಬೇಡ. ಸೊಸೈಟಿಗೆ ಹೋಗುವ ದಿನ ಬಂದಾಗ ಇಬ್ಬರೂ ಹೋಗಿ, ಸಾಲ ಇಬ್ಬರ ಹೆಸರಿನಲ್ಲೂ ಇರಲಿ, ಇಬ್ಬರ ಸಹಿ ಇಲ್ಲದೆ ದುಡ್ಡು ತೆಗೆಯಲು ಬಾರದಂತೆ ಖಾತೆ ಮಾಡಿಸಿ.